ಕುಲಪತಿಗಳೇ, ಆ ಟ್ಯಾಂಕ್ ಮುಚ್ಚಿರಲಿಲ್ಲ

ಮಾನ್ಯ ಕುಲಪತಿಗಳೇ,

ನೀವು ನಮಗೆ ಸುಳ್ಳು ಹೇಳಿದಿರಿ. ಸಾಲದ್ದಕ್ಕೆ, ಆ ಸುಳ್ಳನ್ನು ನನ್ನ ಬಾಯಿಂದಲೇ ಊರಿಗೆಲ್ಲ ಹೇಳಿಸಿದಿರಿ. ನಿಮ್ಮ ಕಚೇರಿಯ ಮುಂದೆ ಕಾದು ಕಾದು ಸಾಕಾಗಿ, ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ನಾನು ನಿಮ್ಮ ಪುಟ್ಟ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿರುವವಳು. "ಇಲ್ಲಿ ಎಲ್ಲರಿಗೂ ಎಲ್ಲರ ಮುಖಪರಿಚಯವಿದೆ" ಎಂದು ಪ್ರವೇಶದ ದಿನ ನೀವು ಹೇಳಿದ್ದಕ್ಕೆ ಮರುಳಾಗಿ ಸೇರಿದವಳು. ಹಾಸ್ಟೆಲಿನಲ್ಲಿ ಕಾಮಾಲೆ ಕಾಣಿಸಿಕೊಂಡಾಗ ನಮ್ಮ ತರಗತಿ ಪಾಠದಲ್ಲಿ ಕಲಿತದ್ದನ್ನೇ ಮಾಡಿತು. ಯಾರು ಎಲ್ಲಿಯ ನೀರು ಕುಡಿದರೆಂದು ಕೋಣೆ ಕೋಣೆಗೆ ಹೋಗಿ ವಿಚಾರಿಸಿದೆವು. ಕಾಯಿಲೆ ಬಿದ್ದವರೆಲ್ಲ ಅಡುಗೆಮನೆಯ ಹಿಂದಿನ ಟ್ಯಾಂಕಿನ ನೀರು ಕುಡಿದವರು. ಅದರ ಪಕ್ಕದಲ್ಲೇ ಶೌಚಾಲಯದ ಪೈಪು ಒಡೆದು ಜಿನುಗುತ್ತಿತ್ತು. ತಿಳಿಸಿದಾಗ ನೀವು ಎದ್ದು ನಿಂತು ನಮ್ಮ ಕೈ ಕುಲುಕಿದಿರಿ. ಮರುದಿನ ಕರೆಸಿ, "ಟ್ಯಾಂಕ್ ಮುಚ್ಚಿಸಿದ್ದೀನಿ. ಬೆಳಗಿನ ಜಾವ ಲಾರಿಯಲ್ಲಿ ನೀರು ತರಿಸ್ತಿದ್ದೀನಿ. ನೀವೇ ಎಲ್ರಿಗೂ ಧೈರ್ಯ ಹೇಳಿ, ನಿಮ್ಮ ಮಾತಾದ್ರೆ ನಂಬ್ತಾರೆ" ಎಂದಿರಿ. ನಮ್ಮ ಮಾತಿನ ಬೆಲೆಯನ್ನು ಎಷ್ಟು ಸರಿಯಾಗಿ ಅಳೆದಿದ್ದಿರಿ!

ನಂಬಿದವರಲ್ಲಿ ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಅಕ್ಕನೂ ಒಬ್ಬರು. ಬಸುರಿ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಅವರು ಕಾಮಾಲೆಯ ಸುದ್ದಿ ಕೇಳಿ ಮೊದಲ ದಿನದಿಂದಲೂ ಮನೆಯಿಂದಲೇ ನೀರು ತರುತ್ತಿದ್ದರು.

"ಏನ್ ಡಾಕ್ಟ್ರಮ್ಮ, ಈಗ ಇಲ್ಲಿ ನೀರು ಕುಡೀಬಹುದಾ?" ಎಂದು ಕೇಳಿದರು. ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಅವರಿಗೆ ನಾನು ಡಾಕ್ಟ್ರಮ್ಮನೇ.

"ಧಾರಾಳವಾಗಿ ಕುಡೀರಿ ಅಕ್ಕ. ಕುಲಪತಿಗಳೇ ಹೇಳಿದಾರೆ."

"ಸದ್ಯ, ಬದುಕ್ದೆ! ಈ ಹೊಟ್ಟೆ ಹೊತ್ಕೊಂಡು ನೀರೂ ಹೊರೋದು ಸಾಕಾಗಿತ್ತು."

ತಿಂಗಳು ಕಳೆಯುವುದರೊಳಗೆ ಅವರ ಕಣ್ಣು ಹಳದಿಯಾಯಿತು. ಬಸುರಿಯರಿಗೆ ಈ ಕಾಮಾಲೆ ಎಷ್ಟು ಅಪಾಯವೆಂದು ನಿಮ್ಮದೇ ವಿಶ್ವವಿದ್ಯಾಲಯದ ತರಗತಿಯಲ್ಲಿ ಓದಿದ್ದೆ. ಅಕ್ಕ ಉಳಿದರು, ಮಗು ಉಳಿಯಲಿಲ್ಲ. ನೋಡಲು ಹೋದಾಗ ಅವರ ಅತ್ತೆ ನನ್ನನ್ನು ಬಾಗಿಲಲ್ಲೇ ತಡೆದರು. "ಬರ್ಲಿ ಬಿಡಿ ಅತ್ತೆ" ಎಂದು ಒಳಗಿನಿಂದ ದನಿ ಬಂತು. ಹಾಸಿಗೆಯ ಪಕ್ಕ ಕೂತೆ.

"ನಿಂಗೆ ಗೊತ್ತಿತ್ತಾ?" ಎಂದರು.

"ಇಲ್ಲ ಅಕ್ಕ."

ಅವರು ಗೋಡೆಯ ಕಡೆ ತಿರುಗಿಕೊಂಡರು.

ಅಲ್ಲಿಂದ ನೇರ ಟ್ಯಾಂಕಿನ ಬಳಿ ಹೋದೆ. ಪಂಪು ಓಡುತ್ತಿತ್ತು. ಹೊರಗೋಡೆಗೆ ನೀಲಿ ಬಣ್ಣ ಬಳಿಸಿ 'ಶುದ್ಧ ಕುಡಿಯುವ ನೀರು' ಎಂದು ಬರೆಸಿದ್ದಿರಿ. "ಮುಚ್ಚೋದಾ? ಒಂದಿನಾನೂ ನಿಲ್ಸಿಲ್ವಲ್ಲಮ್ಮ! ಮಾನ್ಯತೆ ಕೊಡೋ ತಪಾಸಣೆಯವರು ಬರ್ತಾರೆ, ಗೇಟಲ್ಲಿ ನೀರಿನ ಲಾರಿ ಕಾಣ್ಬಾರ್ದು ಅಂತ ಕುಲಪತಿಗಳೇ ಅಂದಿದ್ರು" ಎಂದರು ಪಂಪು ನೋಡಿಕೊಳ್ಳುವವರು.

ಈಗ ನಿಮ್ಮ ಪ್ರಕಟಣೆ ಬಂದಿದೆ: ಕಾಯಿಲೆಗೆ ಹೊರಗಿನ ತಿಂಡಿಯೇ ಕಾರಣವಂತೆ. ಹುಟ್ಟದ ಮಗು ಯಾವ ಅಂಗಡಿಯಲ್ಲಿ ತಿಂಡಿ ತಿಂದಿತ್ತು, ಸ್ವಾಮಿ? ಆ ಮನೆಯಲ್ಲಿ ಇನ್ನೊಬ್ಬರಿಗೂ ಕಾಯಿಲೆಯಿಲ್ಲ. ಅಕ್ಕ ಕುಡಿದ ಬೇರೆ ನೀರೆಂದರೆ ನಿಮ್ಮದೊಂದೇ. ನನಗೂ ಒಂದು ನೋಟಿಸು ಕಳಿಸಿದ್ದೀರಿ, ಭಯ ಹಬ್ಬಿಸಿದ್ದಕ್ಕೆ. ಕ್ಷಮಿಸಿ, ನಾನು ಹಬ್ಬಿಸಿದ್ದು ಧೈರ್ಯ, ಅದೂ ನಿಮ್ಮ ಅಪ್ಪಣೆಯಂತೆ. ಅದಕ್ಕೆ ಶಿಕ್ಷೆ ಕೊಡುವುದಾದರೆ ಕೊಡಿ, ತಕರಾರಿಲ್ಲ. ಪಾತ್ರೆ ತೊಳೆಯುವವರು ನಿಮ್ಮ 'ಸಾರ್ವಜನಿಕ'ರಲ್ಲಿ ಸೇರುವುದಿಲ್ಲವಾದರೆ ನಮ್ಮ ವಿಭಾಗದ ಹೆಸರನ್ನಾದರೂ ಬದಲಿಸಿ.

ಇವತ್ತೇ ಆ ಟ್ಯಾಂಕ್ ಮುಚ್ಚಿಸಿ, ನಾವೆಲ್ಲ ನೋಡುವಂತೆ. ಆಮೇಲೆ ಅಕ್ಕನ ಮನೆಗೆ ಹೋಗಿ. ಫೋಟೋ ತೆಗೆಯುವವರು ಬೇಡ, ಕಾರ್ಯದರ್ಶಿ ಬೇಡ, ಒಬ್ಬರೇ ಹೋಗಿ. ಅವರ ಮುಖ ನೋಡಿ ಇಷ್ಟು ಹೇಳಿ: "ಆ ಹುಡುಗಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೆ."

ಇಂತಿ,
ನಿಮ್ಮ ಮಾತನ್ನು ಚಾಚೂ ತಪ್ಪದೆ ತಲುಪಿಸಿದ
ಎರಡನೇ ವರ್ಷದ ವಿದ್ಯಾರ್ಥಿನಿ