ಅಮ್ಮ ಹೇಳದ ಒಂದೇ ಡೈಲಾಗು

ಮನೆಯ ಮಹಡಿ ಮೆಟ್ಟಿಲು,
ಮಾರ್ಚ್ ೯, ಭಾನುವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಭಾವನ ಗೊರಕೆಗೆ ಈಗಲೂ ಪಕ್ಕದ ಮನೆಯವರು ಎದ್ದು ಕೂರುತ್ತಾರೆಯೇ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಮಧ್ಯಾಹ್ನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮನೆಯಿಂದ ಯಾರು ಫೋನ್ ಮಾಡಿದರೂ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಅಕ್ಷರ ಕೋಳಿಕಾಲಿನಂತಿದೆ, ಬೈಯಬೇಡ.

ಕಾಲೇಜಿನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಕಿರುಚಿತ್ರ ಮಾಡಬೇಕು. ಮೇಷ್ಟ್ರು ಕ್ಯಾಮೆರಾ ಕೊಟ್ಟಿದ್ದಾರೆ, ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ. ಮೊದಲ ದಿನ ಗುಂಡಿ ಒತ್ತುವುದು ತಿರುಗುಮುರುಗಾಗಿ, ನಟನೆ ನಡೆಯುವಾಗ ಕ್ಯಾಮೆರಾ ನಿಂತಿತ್ತು, ನಾವು ಸುಧಾರಿಸಿಕೊಳ್ಳುವಾಗ ಓಡುತ್ತಿತ್ತು. ಸಿಕ್ಕಿದ್ದೆಲ್ಲ ನಮ್ಮ ಚಪ್ಪಲಿಗಳ ಚಿತ್ರ. ನಿರ್ದೇಶಕ ನಮ್ಮ ಸೋಡಾಬುಡ್ಡಿ, ಕನ್ನಡಕ ತೆಗೆದರೆ ಗೋಡೆಗೂ ನಮಸ್ಕಾರ ಹೇಳುವವನು. ಧ್ವನಿಯ ಕೆಲಸ ನನ್ನದು. ಕಥೆ ಇಷ್ಟೇ: ಒಂಟಿ ಹೆಂಗಸೊಬ್ಬಳು ಮನೆಯಲ್ಲಿದ್ದಾಳೆ, ಬಾಗಿಲು ಬಡಿಯುತ್ತದೆ, ಅವಳು ‘ಯಾರು?’ ಎನ್ನುತ್ತಾಳೆ, ಬಾಗಿಲು ತೆಗೆದರೆ ಯಾರೂ ಇಲ್ಲ. ಪಾತ್ರಕ್ಕೆ ಅಮ್ಮನೇ ಆಗಲಿ ಎಂದೆವು. ಅವಳೂ ಖುಷಿಯಿಂದ ತಲೆ ಬಾಚಿಕೊಂಡು ನಿಂತಳು.

ಆದರೆ ಇವತ್ತು ಎಷ್ಟು ಸಲ ಬಾಗಿಲು ಬಡಿದರೂ ಅಮ್ಮ ‘ಯಾರು?’ ಎನ್ನುವುದೇ ಇಲ್ಲ, ಓಡಿಹೋಗಿ ತೆಗೆದುಬಿಡುತ್ತಾಳೆ. ಸೋಡಾಬುಡ್ಡಿ ಕೈಮುಗಿದ, ಗದರಿದ, ಕೊನೆಗೆ ಕೆಳಗಿನ ಮನೆಯ ಟೈಲರಮ್ಮನನ್ನು ಹಾಕೋಣ ಎಂದ. ಅಮ್ಮ ನೀರು ಕುಡಿಯಲು ಅಡುಗೆಮನೆಗೆ ಹೋದಳು. ಕೊರಳ ಹತ್ತಿರ ಸಿಕ್ಕಿಸಿದ್ದ ಮೈಕನ್ನು ಮರೆತೇಬಿಟ್ಟಿದ್ದಳು. ಪಾತ್ರೆಗಳ ಜೊತೆ ಮಾತಾಡುವ ಅವಳ ಚಾಳಿ ನಿನಗೆ ಗೊತ್ತಲ್ಲ. ಹೆಡ್‌ಫೋನು ನನ್ನ ಕಿವಿಯಲ್ಲಿತ್ತು, ಕೇಳಿಸಿದ್ದು ನನಗೊಬ್ಬನಿಗೇ.

“ಅವತ್ತು ಮಿಕ್ಸಿ ಓಡ್ತಿತ್ತು, ಅವಳು ಬಡಿದಿದ್ದು ಅಂತ ಗೊತ್ತಾಗ್ಲಿಲ್ಲ. ಯಾರು ಅಂದೆ. ತೆಗೆಯೋಷ್ಟರಲ್ಲಿ ಹೊರಟೇಹೋದ್ಲು. ಇನ್ನು ಆ ಮಾತು ನನ್ ಬಾಯಲ್ಲಿ ಬರಲ್ಲ.”

ಅಕ್ಕಾ, ನಿನ್ನ ಮದುವೆಯ ಜಗಳವಾದ ಮೇಲೆ ಒಂದೇ ಒಂದು ಸಲ ನೀನು ಮನೆಗೆ ಬಂದೆ, ಎಂದಿನಂತೆ ಉಗುರಿನಲ್ಲಿ ಬಾಗಿಲು ಬಡಿದೆ. ‘ನನ್ನ ಬಡಿತ ಗೊತ್ತಿದ್ದೂ ಅಮ್ಮ ಯಾರು ಅಂದಳು, ಅಂದಮೇಲೆ ಈ ಮನೆಗೆ ನಾನು ಯಾರೋ ಆಗಿಬಿಟ್ಟೆ’ ಎಂದು ಫೋನಿನಲ್ಲಿ ಅಳುತ್ತಾ ಹೇಳಿದೆಯಲ್ಲ, ಅದೇ ನೀನು ನನ್ನೊಡನೆ ಆಡಿದ ಕೊನೆಯ ಮಾತು. ಇಬ್ಬರದೂ ಒಂದೇ ಹಟ, ತಾಯಿಯಂತೆ ಮಗಳು. ನಡುವೆ ನಾನು ಅಡಕತ್ತರಿಗೆ ಸಿಕ್ಕ ಅಡಕೆ. ನನಗೆ ನಿನ್ನ ಮೇಲೆ ಸಿಟ್ಟಿದೆ, ಅದಕ್ಕಿಂತ ಹೆಚ್ಚಾಗಿ ನೀನು ಬೇಕು. ಟೈಲರಮ್ಮ ಬೇಡ, ಇನ್ನೊಂದು ವಾರ ತಡಿ ಎಂದು ಸೋಡಾಬುಡ್ಡಿಯ ಗಲ್ಲ ಹಿಡಿದು ಒಪ್ಪಿಸಿದ್ದೇನೆ. ಅವನಿಗೆ ಕಾರಣ ಹೇಳಿಲ್ಲ.

ಕೆಳಗೆ ಅಮ್ಮ ಕೂಗುತ್ತಿದ್ದಾಳೆ, ಮುಗಿಸುತ್ತೇನೆ. ಭಾವನಿಗೆ ನಮಸ್ಕಾರ. ನಿನಗೆ ಜಡೆ ಎಳೆದಷ್ಟು ಪ್ರೀತಿ.

ಇಂತಿ,
ನೀನು ಹೋದಲ್ಲೆಲ್ಲ ಬರುತ್ತಿದ್ದ ನಿನ್ನ ಬಾಲ

ಮರೆತಿದ್ದೆ: ಮುಂದಿನ ಭಾನುವಾರ ಬೆಳಿಗ್ಗೆ ಮತ್ತೆ ಅದೇ ದೃಶ್ಯ. ಬಾಗಿಲು ಬಡಿಯಲು ನಮಗೆ ಜನ ಇಲ್ಲ, ನೀನೇ ಬಾ. ಅಮ್ಮನಿಗೆ ಹೇಳಿಲ್ಲ. ಎಂದಿನಂತೆ ಉಗುರಿನಲ್ಲೇ ಬಡಿ, ಮಿಕ್ಸಿಯ ಪ್ಲಗ್ಗನ್ನು ನಾನು ಕಿತ್ತಿಟ್ಟಿರುತ್ತೇನೆ.