ಗೋಡೆಯಾಚೆಯ ಏಳನೇ ಕೋಟೆ

ಪ್ರೀತಿಯ ಕೌಸರ,

ಮಾನ್ಯ ಉದ್ಘಾಟಕರೆ, ವೇದಿಕೆ ತುಂಬಿರುವ ಗಣ್ಯರೆ, ವೇದಿಕೆಯ ಮೇಲೆ ಜಾಗ ಸಿಗದೆ ಮುಖ ಗಂಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿರುವ ಇನ್ನೂ ದೊಡ್ಡ ಗಣ್ಯರೆ, ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಿಂದ ಬುತ್ತಿ ಕಟ್ಟಿಕೊಂಡು ಬಂದಿರುವ ಸಮಸ್ತ ವಿಡಿಯೋ ಗೇಮ್ ಸಂಗೀತ ರಸಿಕರೆ! ಈ ಪ್ರಥಮ ಸಮ್ಮೇಳನದ ಸರ್ವಾಧ್ಯಕ್ಷತೆಗೆ ನನ್ನಂಥವಳನ್ನು ಆರಿಸಿದ್ದು ನಿಮ್ಮ ದೊಡ್ಡತನ. ಬೇರೆ ಯಾರೂ ಒಪ್ಪಲಿಲ್ಲ ಎಂಬುದು ನನ್ನ ಸಣ್ಣ ಅನುಮಾನ.

ನಗಬೇಡ. ನೀನೇ ಕೇಳಿದ್ದು. ಮೊನ್ನೆ ಮಂಗಳವಾರ ಫೋನ್ ಮಾಡಿ, ನಿನ್ನ ಮಗಳು ಶಬನಮ ನಮ್ಮ ಕಾಲದ ಟಿವಿ ಗೇಮುಗಳನ್ನೆಲ್ಲ ಮೊಬೈಲಿಗೆ ಇಳಿಸಿಕೊಂಡಿದ್ದಾಳೆ, ಅಡುಗೆಮನೆಯವರೆಗೂ ಆ ಹಾಡು ಕೇಳಿ ಮೈ ಜುಮ್ಮೆಂದಿತು ಎಂದೆ. "ನೀಲಾ, ಯಾವ ಟ್ಯೂನ್ ಚಲೋ, ಯಾವುದು ದಂಡ, ನೀ ಒಂದು ಚಂದಂಗ ಬರದು ಕಳಸಲೇ. ನಮ್ಮ ಕಾಲದಾಗೂ ಇವೆಲ್ಲಾ ಇದ್ದೂ ಅಂದ್ರ ಈಕಿ ನಂಬವಲ್ಲಳು." ಅದರ ಬೆನ್ನಿಗೇ ಇನ್ನೊಂದು ಮಾತು ಹೇಳಿದೆ. ಹಾನಗಲ್ಲಿನ ಸೈಕಲ್ ಅಂಗಡಿಯ ಕನಕಪ್ಪ ಮಗಳ ಮದುವೆ ಕಾರ್ಡು ಹಿಡಿದು ಸವಣೂರಿನ ನಿನ್ನ ಸ್ಟೇಶನರಿ ಅಂಗಡಿಯವರೆಗೆ ಬಂದಿದ್ದನಂತೆ. ನೀನು ಕಾರ್ಡು ಕೈಯಲ್ಲಿ ಹಿಡಿಯಲಿಲ್ಲವಂತೆ, ಗಲ್ಲಾಪೆಟ್ಟಿಗೆಯ ಮೇಲೆ ಇಡು ಎಂದು ಕಣ್ಣಲ್ಲೇ ತೋರಿಸಿದೆಯಂತೆ. ಕೂಡ್ರಿ ಅನ್ನಲಿಲ್ಲ, ನೀರು ಕೊಡಲಿಲ್ಲ. "ಚಾಡಿ ಹೇಳಿದಂವಗ ನಾ ಯಾಕ ನೀರು ಕೊಡ್ಲಿ? ಮೂವತ್ತು ವರ್ಷ ಆದರೇನಾತು?" ಎಂದೆ. ನಾನು "ಹೂಂ" ಅಂದೆ.

ಆ ಹೂಂ ವಿಷಯ ಬರೆಯಲು ಇನ್ನೂ ಧೈರ್ಯವಿಲ್ಲ. ಆದ್ದರಿಂದ ಮೊದಲು ಸಂಗೀತ.

ಸಭಿಕರಿಗೆ ನನ್ನ ಅರ್ಹತೆಯ ಬಗ್ಗೆ ಒಂದು ಮಾತು. ನಾನು ಈ ಜನ್ಮದಲ್ಲಿ ಒಂದು ವಿಡಿಯೋ ಗೇಮನ್ನೂ ಆಡಿಲ್ಲ. ಆಡುವುದಿರಲಿ, ಕಣ್ಣಿಂದ ನೋಡಿಯೂ ಇಲ್ಲ. ಹಾನಗಲ್ಲಿನಲ್ಲಿ ನಿಮ್ಮಪ್ಪ ದಸ್ತಗೀರಸಾಬರ ಟಿವಿ ಗೇಮ್ ಅಂಗಡಿಗೂ ನಮ್ಮ ಅಡುಗೆಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಆಚೆ ಊರಿನ ಗಂಡುಹುಡುಗರು, ಈಚೆ ನಾನು ಮತ್ತು ನಮ್ಮವ್ವ ಸುಶೀಲವ್ವ. "ಅದು ಗಂಡುಹುಡುಗ್ರು ಕೂಡೋ ಜಾಗ" ಎಂದು ಅವ್ವ ಒಂದೇ ಸಲ ಹೇಳಿದ್ದಳು. ಎರಡನೇ ಸಲ ಅವಳು ಬಾಯಿಂದ ಹೇಳುತ್ತಿರಲಿಲ್ಲ. ಆ ಗೋಡೆಯಲ್ಲಿ ಉಪ್ಪಿನಕಾಯಿ ಭರಣಿ ಇಡುವ ಗೂಡೊಂದಿತ್ತು, ಅಲ್ಲಿ ಮಾತ್ರ ಗೋಡೆ ತೆಳು. ಭರಣಿ ಸರಿಸಿ ಕಿವಿ ಇಟ್ಟರೆ ಇಡೀ ಅಂಗಡಿ ಕೇಳುತ್ತಿತ್ತು. ಒಂಬತ್ತನೇ ಇಯತ್ತೆ, ಹತ್ತನೇ ಇಯತ್ತೆ ಎರಡು ವರ್ಷ ಹೀಗೆ ಕೇಳಿದ್ದೇನೆ. ಚಿತ್ರ ನೋಡಿದವರ ಅಭಿಪ್ರಾಯದಲ್ಲಿ ಕಣ್ಣಿನ ಕಲಬೆರಕೆ ಇರುತ್ತದೆ. ನನ್ನದು ಅಪ್ಪಟ ಕಿವಿಯದು, ಸ್ವಲ್ಪ ಮೆಂತ್ಯದ ವಾಸನೆ ಬಿಟ್ಟರೆ.

ಕೆಟ್ಟದ್ದನ್ನು ಮೊದಲು ಮುಗಿಸೋಣ. ಮೋಟರ್ ರೇಸಿನ ಆಟಕ್ಕೆ ಸಂಗೀತವೇ ಇರಲಿಲ್ಲ, ಬರೀ ಗುಂಯ್ ಎನ್ನುವ ಸದ್ದು. ನಮ್ಮವ್ವ ಅದನ್ನು ಹೊಸ ಹಿಟ್ಟಿನ ಗಿರಣಿ ಎಂದುಕೊಂಡು ಜೋಳದ ಡಬ್ಬಿ ಹೊತ್ತು ನಿಮ್ಮಪ್ಪನ ಬಾಗಿಲಿಗೆ ಹೋಗಿ ನಿಂತಿದ್ದಳು. "ಇಲ್ಲಿ ಬೀಸೂದಿಲ್ರೀ ಅಕ್ಕಾರ, ಬರೇ ಓಡಸ್ತಾರ್ರಿ" ಎಂದು ಅವರು ಗಂಭೀರವಾಗಿಯೇ ಹೇಳಿ ಕಳಿಸಿದರು. ವಿಮಾನ ಹೊಡೆಯುವ ಆಟದ ಹಾಡು ಮದುವೆಯ ಬ್ಯಾಂಡಿನ ಹಾಗೆ: ಹಾಡು ಗೊತ್ತಿರುವುದು ಒಬ್ಬನಿಗೆ, ಉಳಿದವರು ಅವನನ್ನು ಬೆನ್ನಟ್ಟಿದ್ದಾರೆ. ಅದನ್ನು ಇಷ್ಟಕ್ಕೇ ಬಿಡೋಣ.

ಈಗ ಮುಖ್ಯ ಕೃತಿ. ಆ ಆಟದ ಕ್ಯಾಸೆಟ್ಟಿನ ಮೇಲಿದ್ದ ಅಕ್ಷರ ಯಾವ ದೇಶದ್ದೋ, ಯಾರಿಗೂ ಓದಲು ಬರುತ್ತಿರಲಿಲ್ಲ. ಹುಡುಗರು ಅದಕ್ಕೆ ಏಳು ಕೋಟೆ ಆಟ ಎಂದು ಹೆಸರಿಟ್ಟಿದ್ದರು. ಒಂದೊಂದು ಕೋಟೆಗೂ ಒಂದೊಂದು ಹಾಡು. ಹಾಡಿಗೆ ಮಾತಿರಲಿಲ್ಲ, ಆ ಕೊರತೆಯನ್ನು ನಾನು ತುಂಬಿದೆ. ಪ್ರಾಸ ಅಂದರೆ ಆಗಿನಿಂದಲೂ ನನಗೆ ಎಲೆಯಡಿಕೆ ಚಟದಂಥದ್ದು. ಮೊದಲ ಕೋಟೆಗೆ ಕಟ್ಟಿದ್ದು ನಿನಗೂ ನೆನಪಿರಬೇಕು:

ಏಳೋ ಶೂರಾ ಏಳೋ ಏಳೋ, ಬಿದ್ದದ್ದ ಸಾಕು,
ಮುಂದೈತಿ ದೊಡ್ಡ ತಗ್ಗು, ಹಾರೇ ತೀರಬೇಕು.

ಜನ ಹೊಗಳುವುದು ಈ ಹಾಡನ್ನೇ. ನನ್ನ ಮತ ಬೇರೆ. ಸತ್ತವರೆಲ್ಲ ಮತ್ತೆ ಮೊದಲ ಕೋಟೆಗೇ ಬರಬೇಕು, ಹೀಗಾಗಿ ದಿನಕ್ಕೆ ನೂರು ಸಲ ಅದೇ ಕೇಳುತ್ತದೆ, ಕೇಳಿ ಕೇಳಿ ಚಲೋ ಅನಿಸುತ್ತದೆ. ಬಸ್ ಸ್ಟ್ಯಾಂಡಿನ ಚಹಾದ ಹಾಗೆ. ಎರಡನೆಯದು ನೆಲದೊಳಗಿನ ಕೋಟೆ. ನಾಲ್ಕು ಸ್ವರ ಇಳಿಯುತ್ತವೆ, ಆಮೇಲೆ ಏನೂ ಇಲ್ಲ, ಮತ್ತೆ ನಾಲ್ಕು. ಹಾಡಿನೊಳಗೆ ಸುಮ್ಮನಿರುವುದೂ ಒಂದು ಕೆಲಸ ಎಂದು ನನಗೆ ಕಲಿಸಿದ್ದು ಇದು. ನಮ್ಮವ್ವ ತನಗೇ ಗೊತ್ತಿಲ್ಲದೆ ಇದರ ತಾಳಕ್ಕೆ ರೊಟ್ಟಿ ಬಡಿಯುತ್ತಿದ್ದಳು. ವೇಳೆ ಮುಗಿಯುತ್ತ ಬಂದಾಗ ಹಾಡು ಒಮ್ಮೆಲೇ ದುಪ್ಪಟ್ಟು ಜೋರಾಗಿ ಓಡುತ್ತಿತ್ತಲ್ಲ, ಆಗ ಅವ್ವನ ಕೈಯೂ ಓಡಿ ರೊಟ್ಟಿ ಹರಿಯುತ್ತಿತ್ತು. "ಈ ಸಲದ ಜೋಳದಾಗ ಜಿಗುಟ ಇಲ್ಲ ನೋಡು" ಎಂದು ಜೋಳಕ್ಕೆ ಬೈಯುತ್ತಿದ್ದಳು. ಸಂಗೀತದ ಪ್ರಭಾವಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ಮೂರನೆಯದು, ಐದನೆಯದು ಎರಡೂ ಒಂದೇ ಹಾಡು. ಕಟ್ಟಿದವನಿಗೆ ಅವತ್ತು ಜ್ವರ ಬಂದಿರಬೇಕು. ಆದರೆ ನಾಲ್ಕನೆಯದು, ನೀರೊಳಗಿನ ಕೋಟೆ! ಮೂರು ಮೂರು ಹೆಜ್ಜೆಯಲ್ಲಿ ತೂಗುವ ಹಾಡು.

ತೇಲವ್ವ ತೇಲ ನನ್ನ ಮೀನಮರಿ,
ಕೆಳಗೂ ನೀರ, ಮ್ಯಾಲೂ ನೀರ, ಈಜೂದ ಸರಿ.

ತಿಳವಳ್ಳಿಯ ಗಂಡನ ಮನೆಯಲ್ಲಿ ಮಗನನ್ನು ಇದೇ ಹಾಡಿನಿಂದ ಮಲಗಿಸಿದೆ. "ಇದು ನಿನ್ನ ತವರುಮನಿ ಕಡೆ ಹಾಡೇನ?" ಎಂದು ಅತ್ತೆ ಕೇಳಿದರು. "ಹೌದ್ರಿ, ನಮ್ಮ ಗೋಡಿ ಆಚೀ ಕಡೇದು" ಅಂದೆ. ಅವರು ಓಣಿಯ ಬಾಣಂತಿಯರಿಗೆಲ್ಲ ಕಲಿಸಿದರು. ಯಾವುದೋ ದೇಶದವನೊಬ್ಬ ಮೀನಿಗೆಂದು ಕಟ್ಟಿದ ಹಾಡಿಗೆ ತಿಳವಳ್ಳಿಯ ಕೂಸುಗಳು ನಿದ್ದೆ ಹೋದವು. ಇನ್ನು ಆಡುವವನು ಸೋತಾಗ ಬರುವ ಸಾಯುವ ಹಾಡು. ಏಳೇ ಸ್ವರ. ಬಿ.ಎ.ಗೆ ಕನ್ನಡ ಮಾಧ್ಯಮದಲ್ಲಿ ನಾನು ಓದಿದ ಶೋಕಗೀತೆಗಳಲ್ಲಿ ಹಲವು ಇದರ ಮುಂದೆ ಎದ್ದು ಕುರ್ಚಿ ಬಿಟ್ಟುಕೊಡಬೇಕು.

ಆರನೇ ಕೋಟೆಯನ್ನು ಹುಡುಗರು ಮುಟ್ಟಿದ್ದೇ ಕಡಿಮೆ. ಏಳನೆಯದನ್ನು ಯಾರೂ ಮುಟ್ಟಿರಲಿಲ್ಲ. ಅಲ್ಲಿಯ ಹಾಡು ಹೇಗಿರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಕೌಸರ, ನಿನ್ನ ಆಟ ನನಗೆ ಕಿವಿಯಿಂದಲೇ ಗುರುತು ಸಿಗುತ್ತಿತ್ತು. ಬೇಸಿಗೆ ರಜೆಯಲ್ಲಿ ನಿಮ್ಮಪ್ಪ ಮಧ್ಯಾಹ್ನ ಶಟರ್ ಇಳಿಸಿ ನಮಾಜು, ಊಟ ಎಂದು ಹೋದರೆ ನೀನು ಹಿಂದಿನ ಬಾಗಿಲಿಂದ ಒಳಗೆ. ಆವಾಜು ಸಣ್ಣಗೆ ಇಡುತ್ತಿದ್ದೆ, ಆದರೂ ಗೂಡಿಗೆ ಕೇಳುತ್ತಿತ್ತು. ಹುಡುಗರು ಆಡಿದರೆ ಹಾಡು ತುಂಡು ತುಂಡು. ನೀನು ಆಡಿದರೆ ಪೂರ್ತಿ ಹಾಡು. ಆ ಹಾಡುಗಳಿಗೆ ಎರಡನೇ ಚರಣ ಎಂಬುದೊಂದು ಇದೆ ಅಂತ ನನಗೆ ತಿಳಿದಿದ್ದೇ ನಿನ್ನಿಂದ. "ಬಾರಲೇ, ಯಾರೂ ಇರಂಗಿಲ್ಲ, ನೀನೂ ಆಡು" ಎಂದು ಎಷ್ಟು ಸಲ ಕರೆದೆ. ಅವ್ವನ ಅಂಜಿಕೆ, ನಾನು ಬರಲಿಲ್ಲ. ಕೊನೆಗೆ ಕರಾರು ಮಾಡಿಕೊಂಡೆವು: ಏಳನೇ ಕೋಟೆ ಬಂದ ದಿನ ನೀನು ಗೋಡೆಗೆ ಮೂರು ಸಲ ಬಡಿಯಬೇಕು, ಅವ್ವ ಕೊಂದರೂ ಚಿಂತೆಯಿಲ್ಲ, ನಾನು ಓಡಿ ಬರಬೇಕು. ನೀನೇ ಹೇಳಿದ್ದು, "ನೀ ಇಲ್ಲದ ನಾ ಒಬ್ಬಾಕಿ ಅದನ್ನ ನೋಡಂಗಿಲ್ಲ."

ಆ ದಿನ ಬಂತು. ಆರನೇ ಕೋಟೆಯ ಹಾಡಿನ ಗಂಟೆ ಸದ್ದು ನಿಂತಿತು. ಗುಡುಗು ಸಿಡಿಲು ಬರುತ್ತದೆ ಎಂದುಕೊಂಡು ಕಿವಿಯನ್ನು ಸ್ವಲ್ಪ ದೂರವೇ ಹಿಡಿದಿದ್ದೆ. ಬಂದದ್ದು ಮೊದಲ ಕೋಟೆಯ ಹಾಡೇ. ಅದೇ ಬಸ್ ಸ್ಟ್ಯಾಂಡಿನ ಚಹಾ. ಆದರೆ ನಿಧಾನ, ತಗ್ಗಿದ ದನಿ, ದೂರ ನಡೆದು ದಣಿದವರು ಹೊರಟ ದಿನದ ಮಾತನ್ನು ನೆನೆಸಿಕೊಂಡ ಹಾಗೆ. ರಸಿಕರೆ, ಇಂದಿಗೂ ನನ್ನ ತೀರ್ಪು ಇದೇ: ಏಳನೆಯದೇ ಶ್ರೇಷ್ಠ. ಮೊದಲನೆಯದನ್ನು ಅಷ್ಟು ಸಲ ಕೇಳಿಸಿದ್ದು ಯಾಕೆ ಎಂದು ಆಗ ತಿಳಿಯಿತು. ಗೋಡೆಗೆ ಅಂಗೈ ಊರಿ ನಿಂತೆ. ಹಾಡು ಒಂದು ಸುತ್ತು ಮುಗಿಯಿತು. ಎರಡನೇ ಸುತ್ತು ಮುಗಿಯಿತು. ನೀನು ಬಡಿಯಲಿಲ್ಲ.

ಆಮೇಲಿನದು ನಿನಗೇ ಗೊತ್ತು. ಹಾಡು ನಡುವೆಯೇ ಕಟ್ಟಾಯಿತು, ಸಾಯುವ ಹಾಡೂ ಬರಲಿಲ್ಲ. ನಿಮ್ಮಪ್ಪ ಶಟರ್ ಎತ್ತಿ ಮೇನ್ ಸ್ವಿಚ್ ತೆಗೆದಿದ್ದರು. ಬೈಯಲಿಲ್ಲ. "ಅಬ್ಬಾ ಬೈದಿದ್ರ ಚಲೋ ಇತ್ತಲೇ ನೀಲಾ" ಎಂದು ನನ್ನ ಮುಂದೆ ಅತ್ತೆ. ಮರುದಿನದಿಂದ ಹಿಂದಿನ ಬಾಗಿಲ ಕೀಲಿ ಅವರ ಜೇಬು ಸೇರಿತು. ದಸರೆಯ ಹೊತ್ತಿಗೆ ಟಿವಿ ಹೋಗಿ ಜೆರಾಕ್ಸ್ ಯಂತ್ರ ಬಂತು. ಆ ದಿನ ಶಟರ್ ಎತ್ತಿದಾಗ ಅವರ ಹಿಂದೆ ಗಾಳಿ ಹೊಡೆಯುವ ಪಂಪು ಹಿಡಿದು ಎದುರಿನ ಅಂಗಡಿಯ ಕನಕಪ್ಪ ನಿಂತಿದ್ದ. ನೀನು ಹಿಂದಿನಿಂದ ಹೋಗುವುದನ್ನು ಕಂಡು "ಏನ ತಂಗೀ, ಈಗ ನೀನ ಮಾಲಕಳೇನ?" ಎಂದು ಚಾಷ್ಟಿ ಮಾಡುತ್ತಿದ್ದವನು ಅವನೊಬ್ಬನೇ. ಹೇಳಿದವನು ಅವನೇ ಎಂದು ನೀನು ತೀರ್ಮಾನಿಸಿದೆ. ಅಂದಿನಿಂದ ಸೈಕಲ್ ಪಂಕ್ಚರ್ ಆದರೆ ಅವನ ಅಂಗಡಿ ದಾಟಿಸಿ, ಬಿಸಿಲಲ್ಲಿ ಊರ ಆ ತುದಿಯವರೆಗೆ ನೂಕಿಕೊಂಡು ಹೋಗುತ್ತಿದ್ದೆ. ನಾನೂ ಹಿಂದಿನಿಂದ ಕೈಹಚ್ಚಿ ನೂಕಿದ್ದೇನೆ.

ಸೋಮವಾರ ಕನಕಪ್ಪ ಹಿರೇಕೆರೂರಿಗೆ, ನಾನು ಕೆಲಸ ಮಾಡುವ ಲೈಬ್ರರಿಗೂ ಬಂದಿದ್ದ. ತಲೆ ಪೂರ್ತಿ ಬೆಳ್ಳಗಾಗಿದೆ. ಮಗಳು ಭಾಗ್ಯಶ್ರೀಯ ಮದುವೆ ಬಂಕಾಪುರದಲ್ಲಿ, ಈ ರವಿವಾರ ಬಿಟ್ಟು ಮುಂದಿನ ರವಿವಾರ. ಚಹಾ ಕುಡಿದು ಎದ್ದವನು ಮತ್ತೆ ಕೂತ. "ನಾಳೆ ಸವಣೂರಿಗೆ ಹೊಂಟೇನಿ ತಂಗೀ, ದಸ್ತಗೀರಸಾಬ್ರ ಮಗಳಿಗೂ ಕಾರ್ಡ ಕೊಡಬೇಕು. ಸಣ್ಣಾಕಿ ಇದ್ದಾಗ ಮಾತು ಬಿಟ್ಟಾಳ, ಏನ ತಪ್ಪ ಮಾಡೇನಿ ಅನ್ನೂದ ನನಗ ತಿಳಿದಿಲ್ಲ. ನೀ ಆಕಿ ಗೆಳತಿ, ನಿನಗೇನರ ಗೊತ್ತೈತೇನವಾ?" ಗೋವಿನಜೋಳದ ಲಾರಿಯೊಂದು ಹಾರ್ನು ಹೊಡೆಯುತ್ತ ಹೋಯಿತು. ಅದು ಪೂರ್ತಿ ದಾಟುವವರೆಗೆ ಕಾದು, "ಗೊತ್ತಿಲ್ಲ ಕನಕಪ್ಪಣ್ಣ" ಅಂದೆ.

ಮರುದಿನ ನಿನ್ನ ಫೋನು. ಮಾತಿನ ನಡುವೆ ನೀನು ಶಬನಮಳಿಗೆ ಹಾಲು ಇಳಿಸು ಎಂದು ಕೂಗಿದೆ. ಅವಳು ಉರ್ದುವಿನಲ್ಲಿ ತಿರುಗಿ ಕೂಗಿದಳು. ನಿನ್ನಿಂದ ಕಲಿತ ಉರ್ದು ಅಷ್ಟಕ್ಕೆ ಸಾಕಾಯಿತು: ಎರಡೂ ಕೈ ಆಟದಲ್ಲಿವೆ ಅಮ್ಮೀ, ಒಂದು ಬಿಟ್ಟರೂ ಸಾಯುತ್ತೇನೆ. ಹಾಲು ಉಕ್ಕಿತು, ನೀನು ಬೈಯುತ್ತ ಓಡಿದೆ, ನಾನು ಇತ್ತ ಫೋನು ಹಿಡಿದು ನಿಂತೇ ಇದ್ದೆ.

ನನಗೆ ಗೊತ್ತಿರಲಿಲ್ಲ. ಆಡಿದವಳಲ್ಲ, ನೋಡಿದವಳಲ್ಲ. ಆ ಆಟಕ್ಕೆ ಎರಡೂ ಕೈ ಬೇಕು ಎಂಬುದು ನಲವತ್ತೈದನೇ ವಯಸ್ಸಿನಲ್ಲಿ ತಿಳಿಯಿತು. ನಡುವೆ ನಿಲ್ಲಿಸುವ ಗುಂಡಿ ಕೆಟ್ಟಿದೆ ಎಂದು ಹುಡುಗರು ದಿನಾ ಬಡಕೊಳ್ಳುತ್ತಿದ್ದುದೂ ಈಗ ನೆನಪಾಯಿತು. ಗೋಡೆ ಬಡಿಯಲು ನಿನಗೆ ಮೂರನೇ ಕೈ ಇರಲಿಲ್ಲ. ಕರೆಯಬೇಕೆಂದರೆ ಕೈ ಬಿಡಬೇಕು, ಕೈ ಬಿಟ್ಟರೆ ಅಲ್ಲೇ ಸಾಯಬೇಕು. ನೋಡು, ಇಲ್ಲೂ ಪ್ರಾಸ ಬಂತು. ನೀನು ಬೇಕಂತಲೇ ನನ್ನನ್ನು ಬಿಟ್ಟೆ ಎಂದುಕೊಂಡು ಮೂವತ್ತು ವರ್ಷ ಕಳೆದಿದ್ದೇನೆ. ಅದರ ಮೇಲೆಯೇ ನನ್ನ ತಪ್ಪನ್ನು ಕೂರಿಸಿ ಜೋಪಾನ ಮಾಡಿದ್ದೇನೆ.

ಸಮ್ಮೇಳನ ಇಲ್ಲ, ರಸಿಕರೂ ಇಲ್ಲ. ಕೌಸರ, ಹೇಳಿದವಳು ನಾನು. ಎರಡನೇ ಸುತ್ತು ಮುಗಿದ ಕೂಡಲೇ ಹಿತ್ತಲಿಗೆ ಹೋದೆ. ಅವ್ವ ಸಂಡಿಗೆಗೆ ಕಾಗೆ ಬಾರದಂತೆ ಕಾಯುತ್ತಿದ್ದಳು. "ಅವ್ವಾ, ಕೌಸರ ಒಬ್ಬಾಕಿನ ಅಂಗಡ್ಯಾಗ ಕುಂತು ಆಡಾಕತ್ತಾಳ" ಅಂದೆ. ಅವ್ವ ಸೆರಗು ಸರಿಮಾಡಿಕೊಂಡು ನಿಮ್ಮಪ್ಪನನ್ನು ಹುಡುಕಿಕೊಂಡು ಹೋದಳು. ಶಟರಿನ ಸದ್ದಿಗೆ ಕನಕಪ್ಪ ಎದ್ದು ಬಂದಿದ್ದ, ಅಷ್ಟೇ. ನಾನು ಮತ್ತೆ ಒಳಗೆ ಬಂದು ಗೂಡಿಗೆ ಕಿವಿ ಇಟ್ಟೆ. ಹಾಡು ನಿಲ್ಲುವುದನ್ನು ಕೇಳಬೇಕಾಗಿತ್ತು ನನಗೆ.

ಬಂಕಾಪುರಕ್ಕೆ ಹೋಗು. ಕನಕಪ್ಪನಿಗೆ ನಾನೇ ಹೇಳುತ್ತೇನೆ, ನಿನಗಿಂತ ಮೊದಲು ಹೋಗಿ ನಿಂತಿರುತ್ತೇನೆ. ನನ್ನ ಜೊತೆ ಮಾತಾಡುವುದು, ಬಿಡುವುದು ನಿನಗೆ ಸೇರಿದ್ದು.

ನೀನೂ ಶಬನಮಳೂ ತಣ್ಣಗಿರ್ರಿ. ಸಿಟ್ಟು ಎಷ್ಟು ಬೇಕಾದರೂ ಮಾಡಿಕೋ, ಊಟ ಮಾತ್ರ ಬಿಡಬೇಡ.

ನಿನ್ನ
ನೀಲಾಂಬಿಕಾ