ಇಣುಕಿ ನೋಡದ ಒಂಬತ್ತು

ಇಳಕಲ್ಲ
೧೨ ನವೆಂಬರ್ ೨೦೨೪, ಮಂಗಳವಾರ

ಚಿ. ಸೌ. ಮಲ್ಲಮ್ಮಳಿಗೆ,

ನಿನ್ನ ಅಪ್ಪ ಅಂದಾನಪ್ಪನ ತುಂಬು ಆಶೀರ್ವಾದ. ನಾನೂ ನಿನ್ನ ಅವ್ವನೂ ಗಟ್ಟಿಯಾಗಿದ್ದೇವೆ. ನೀನೂ ಅಳಿಯ ಹಣಮೇಶನೂ ಹಾಗೇ ಇದ್ದೀರೆಂದು, ನಿಮ್ಮ ಅಂಗಡಿಯೂ ಚೆನ್ನಾಗಿ ನಡೆದಿದೆಯೆಂದು ನಂಬಿದ್ದೇನೆ. ಕೆರೂರಿನ ನಿಮ್ಮ ಮನೆಯಿಂದ ಬಂದು ಎರಡು ವಾರವಾದರೂ ನಾಲ್ಕು ಸಾಲು ಬರೆಯಲಿಲ್ಲ, ಸಿಟ್ಟಾಗಬೇಡ. ಫೋನು ಇರುವ ಕಾಲದಲ್ಲಿ ಅಪ್ಪನಿಗೆ ಕಾಗದದ ಹುಚ್ಚು ಎಂದು ನಗುತ್ತೀಯೇನೋ. ನಿನ್ನ ಫೋನನ್ನು ನೀನೇ ಎತ್ತುತ್ತಿದ್ದರೆ ನನಗೆ ಈ ಕೆಲಸ ಇರುತ್ತಿರಲಿಲ್ಲ.

ಮೊದಲು ಸಿಹಿ ಸುದ್ದಿ. ಮದುವೆಗೆ ಮುಂಚೆ ನೀನು ಕಟ್ಟಿಕೊಟ್ಟ ನನ್ನ ವೆಬ್‌ಸೈಟು ಇವತ್ತು ಮುಂಜಾನೆ ತಿರುಗಿ ಬಂತು. ನನ್ನ ಸೀರೆಗಳೆಲ್ಲ ಸಾಲಾಗಿ ಕಂಡಾಗ ನಿನ್ನ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ಹಿಟ್ಟಿನ ಕೈಯಲ್ಲೇ ಪರದೆಯನ್ನು ಮುಟ್ಟಿ ನೋಡಿದಳು. ಈಗ ಪರದೆಯ ಮೇಲೆ ಜೋಳದ ಹಿಟ್ಟಿದೆ, ಒರೆಸಿಲ್ಲ.

ಅದು ಹೋದದ್ದು ನನ್ನ ಕೈಯಿಂದಲೇ. ಹೊಸ ಆವೃತ್ತಿ ಬಂದಿದೆ, ಅಪ್‌ಡೇಟ್ ಮಾಡಿ ಎಂದು ದಿನವೂ ಪೀಡಿಸುತ್ತಿತ್ತು. ಒಂದು ದಿನ ಊಟ ಮಾಡಿ ಬಂದವನು ಆಯಿತಪ್ಪ ಎಂದು ಒತ್ತಿಬಿಟ್ಟೆ. ಅರ್ಧ ದಾರಿಯಲ್ಲಿ ಕರೆಂಟು ಹೋಯಿತು. ತಿರುಗಿ ಹಚ್ಚಿದರೆ ಬರೀ ಬಿಳಿ ಹಾಳೆ, ನಡುವೆ ಒಂದು ಸಾಲು ಇಂಗ್ಲಿಷು. ನಾನು ನೇಯ್ದ ಪ್ರತಿ ಸೀರೆಯ ಫೋಟೊ, ಅದರ ದಡಿ, ಸೆರಗು, ಯಾರ ಮದುವೆಗೆ ಹೋಯಿತು ಎಂಬ ಕತೆ, ಎಲ್ಲವೂ ಆ ಬಿಳಿಯ ಹಿಂದೆ. ಸೀರೆಗಳು ಉಟ್ಟವರ ಮೈಮೇಲೆ ಹರಿದು ಹೋಗುತ್ತವೆ, ಮಲ್ಲೂ. ನಲವತ್ತು ವರ್ಷ ನೇಯ್ದವನ ಹತ್ತಿರ ಉಳಿದದ್ದು ಅದೊಂದೇ.

ಇಪ್ಪತ್ನಾಲ್ಕು ದಿನ ನನಗೆ ಎಲ್ಲೂ ಅಲ್ಲಾಡಲು ಬರಲಿಲ್ಲ. ಸೊಂಟದ ಕೆಳಗೆಲ್ಲ ಮಗ್ಗದ ಕುಣಿಯೊಳಗೆ, ಕಣ್ಣು ಆ ಬಿಳಿ ಪರದೆಯ ಮೇಲೆ. ಲಾಳಿ ಎಸೆಯುತ್ತೇನೆ, ಎಳೆ ತಪ್ಪುತ್ತದೆ, ಬಿಚ್ಚುತ್ತೇನೆ. ಗೆಳತಿಯೆಂಬ ಸಲುಗೆಯಿಂದ ನಿನ್ನ ಆಫ್ರೀನಳನ್ನೇ ಕರೆದೆ. ಈಗ ಅವಳು ಹುನಗುಂದದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ. ಬಂದು ನೋಡಿದವಳು, ವೆಬ್‌ಸೈಟು ಇಟ್ಟಿರುವ ಕಂಪನಿಯ ಬಾಗಿಲು ತೆಗೆಯಲು ಒಂದು ಕೋಡ್ ಬೇಕು, ಅದು ಮಲ್ಲಮ್ಮನ ಮೊಬೈಲಿಗೇ ಹೋಗುತ್ತದೆ ಎಂದಳು. ಆರು ಅಂಕಿ, ಹತ್ತೇ ನಿಮಿಷ ಇರುತ್ತದಂತೆ.

ಮೂರು ಸಲ ಫೋನು ಮಾಡಿದೆ. ಮೂರು ಸಲವೂ ನಿನ್ನ ಅತ್ತೆಯೇ ಎತ್ತಿದರು. ಒಮ್ಮೆ ನೀನು ಅಡುಗೆಮನೆಯಲ್ಲಿದ್ದೆ, ಒಮ್ಮೆ ಜಳಕಕ್ಕೆ ಹೋಗಿದ್ದೆ, ಒಮ್ಮೆ ಮಲಗಿದ್ದೆ. ಆಮೇಲೆ ಮಾಡಿಸುತ್ತೇನೆ ಎಂದವರು ಮಾಡಿಸಲಿಲ್ಲ. ಅದಕ್ಕೇ ದೀಪಾವಳಿಯ ಸೀರೆ ಕೊಡುವ ನೆಪ ಮಾಡಿಕೊಂಡು ಬಂದದ್ದು. ನಿಮ್ಮ ಪಡಸಾಲೆಯಲ್ಲಿ ಎರಡು ಕಪ್ ಚಹಾ ಕುಡಿದು, ನಾಚಿಕೆ ಬಿಟ್ಟು ಕೋಡ್ ಕೇಳಿದರೆ, ಫೋನು ರಿಪೇರಿಗೆ ಹೋಗಿದೆ ಎಂದರು. ಅದು ಅವರ ಸೊಂಟದ ಚೀಲದಲ್ಲಿ ಗುರುಗುಟ್ಟಿದ್ದು ನನಗೂ ಕೇಳಿಸಿತು. ಬೀಗರ ಮನೆಯಲ್ಲಿ ಏನು ಮಾತಾಡುವುದು? ನೀನು ಒಳಬಾಗಿಲಲ್ಲಿ ನಿಂತಿದ್ದೆ. ಅರಾಮಿದ್ದೀಯಾ ಎಂದರೆ ಹೂಂ ಎಂದೆ. ಆಮೇಲೆ ಸುಮ್ಮನೆ ಕೇಳಿದೆಯಲ್ಲ:

“ಅಪ್ಪಾ, ದಿನಾ ವೆಬ್‌ಸೈಟು ತಗದು ನೋಡ್ತಿ ಹೌದಿಲ್ಲೋ? ಎಲ್ಲಾ ನೋಡ್ತಿ?”

“ದಿನಾ ನೋಡತಿದ್ದೆ. ಈಗ ಪೂರಾ ಬಿಳಿ ಆಗೇತಿ, ಏನೂ ಕಾಣಂಗಿಲ್ಲ” ಎಂದೆ ನಾನು.

ನಿನ್ನ ಮುಖ ಸಣ್ಣದಾಯಿತು. ನಾಲ್ಕು ತಿಂಗಳು ಕಷ್ಟಪಟ್ಟು ಕಟ್ಟಿದ ಕೆಲಸ ಹಾಳಾಯಿತಲ್ಲ ಎಂದು ಹುಡುಗಿಗೆ ನೋವಾಗಿದೆ ಅಂದುಕೊಂಡೆ. ಬಸ್ಸಿನಲ್ಲಿ ನನಗೂ ಮನಸ್ಸು ತಡೆಯಲಿಲ್ಲ.

ಕಡೆಗೆ ದಾರಿ ಸಿಕ್ಕದ್ದು ನಿನ್ನ ಜಾಣತನದಿಂದಲೇ. ವೆಬ್‌ಸೈಟಿನ ಪೂರ್ತಿ ನಕಲೊಂದು ತಿಂಗಳಿಗೊಮ್ಮೆ ಇ-ಮೇಲಿಗೆ ಹೋಗುವಂತೆ ನೀನೇ ಹಚ್ಚಿಟ್ಟಿದ್ದೆಯಂತೆ. ಆ ಇ-ಮೇಲು ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ಇನ್ನೂ ತೆರೆದೇ ಇತ್ತು. ಆಫ್ರೀನ ಅದರಿಂದ ಕೊನೆಯ ನಕಲನ್ನು ತೆಗೆದುಕೊಂಡು ಬೇರೆ ಜಾಗದಲ್ಲಿ ಎಲ್ಲವನ್ನೂ ಹೊಸದಾಗಿ ನಿಲ್ಲಿಸಿದಳು. ಆದರೆ ಆ ಇ-ಮೇಲಿನ ಡಬ್ಬಿ ಹೋದ ವರ್ಷದ ಡಿಸೆಂಬರಿಗೇ ತುಂಬಿಹೋಗಿದ್ದರಿಂದ ಅಲ್ಲಿಂದೀಚೆಗಿನದು ಬಂದಿಲ್ಲ. ನನ್ನ ಹನ್ನೊಂದು ಸೀರೆ ಹೋದವು. ಹೋಗಲಿ, ಅವು ನನ್ನ ಕೈಗೆ ನೆನಪಿವೆ, ಕೂತು ಬರೆಯುತ್ತೇನೆ.

ನಿನ್ನವೂ ಏನೋ ಇದ್ದವು. ಮೂಲೆಯಲ್ಲಿ ‘ಡ್ರಾಫ್ಟ್’ ಎಂದು ತೋರಿಸುತ್ತಿತ್ತು. ಮುಗಿಯದ ಬರಹ ಎಂದು ನೀನೇ ಹೇಳಿಕೊಟ್ಟಿದ್ದೆ. ನಿನ್ನ ಮದುವೆಯಾದ ಮೇಲೆ ಒಂದಿದ್ದದ್ದು ಎರಡಾಯಿತು, ಐದಾಯಿತು, ಈಚೆಗೆ ಒಂಬತ್ತಾಗಿತ್ತು. ಹುಡುಗಿ ಅಲ್ಲಿಂದಲೇ ಏನೋ ಬರೆಯುತ್ತಿದ್ದಾಳೆ, ಮುಗಿಸಿ ತೋರಿಸಲಿ ಎಂದು ನಾನು ಒಂದನ್ನೂ ತೆರೆಯಲಿಲ್ಲ. ನಮ್ಮ ಮನೆಯ ರೀತಿ ನಿನಗೆ ಗೊತ್ತಿದೆ: ಇನ್ನೊಬ್ಬರ ಮಗ್ಗದ ಮೇಲಿನ ಅರ್ಧ ಸೀರೆಯನ್ನು ಇಣುಕಿ ನೋಡಬಾರದು. ನನ್ನ ಅಪ್ಪ ನನ್ನದನ್ನು ನೋಡಲಿಲ್ಲ, ನಾನು ನಿನ್ನದನ್ನು ನೋಡುವುದಿಲ್ಲ. ಎಷ್ಟು ಉಳಿದಿವೆ ಎಂದು ಆಫ್ರೀನ ಮಧ್ಯಾಹ್ನ ಎಣಿಸಿ ಹೇಳುತ್ತಾಳೆ.

ಗೋಮಿ ದಡಿಯ ಸೀರೆಯೊಂದನ್ನು ನಿನಗೆಂದೇ ಮಗ್ಗಕ್ಕೆ ಹಚ್ಚಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅತ್ತೆಯವರ ಮನಸ್ಸು ನೋಯಿಸಬೇಡ. ಒಂದು ದಿನ ಫೋನು ಮಾಡು, ಅವ್ವ ಕಾಯುತ್ತಾಳೆ. ನೀವಿಬ್ಬರೂ ನೂರು ಕಾಲ ಬಾಳಿ.

ನಿನ್ನ ಅಪ್ಪ,
ಅಂದಾನಪ್ಪ

ತಾ.ಕ.: ಈಗ ಸಂಜೆ ಐದು. ಮೇಲಿನದನ್ನು ಹರಿದು ಹಾಕಬೇಕೆಂದಿದ್ದೆ. ಆಫ್ರೀನ ಬೇಡವೆಂದಳು. ಇರಲಿ, ನಾನು ಎಂಥವನು ಎಂದು ನಿನಗೂ ಗೊತ್ತಾಗಲಿ.

ಡ್ರಾಫ್ಟುಗಳು ಸರಿಯಾಗಿ ಬಂದಿವೆಯೇ ಎಂದು ನೋಡಲು ಅವಳು ಒಂದನ್ನು ತೆರೆದಳು. ಪೂರ್ತಿ ಓದಿದಳು. ಆಮೇಲೆ ಪರದೆಯನ್ನು ನನ್ನ ಕಡೆಗೆ ತಿರುಗಿಸಿ, “ಕಾಕಾ, ಇದು ಬರಹ ಅಲ್ರಿ, ನಿಮಗ ಬರದ ಪತ್ರ” ಎಂದಳು.

ಮೊದಲನೆಯದರಲ್ಲಿ ನೀನು ಬರೆದಿದ್ದೆ: “ಅಪ್ಪಾ, ಫೋನ್ ಅತ್ತಿ ಕಡೆ ಇರ್ತೈತಿ. ಅಂಗಡಿ ಕಂಪ್ಯೂಟರಿಂದ ಬರಿಯಾಕತ್ತೇನಿ. ಇಲ್ಲಿ ಬರದ್ರ ನೀ ಒಬ್ಬನ ನೋಡ್ತಿ.” ಯಾರೂ ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಆದರೆ ಮನೆ ಮತ್ತು ಅಂಗಡಿ ಬಿಟ್ಟು ಒಂದು ಹೆಜ್ಜೆ ಇಡಲು ಬಿಡುವುದಿಲ್ಲ ಎಂದು ನಾಲ್ಕನೆಯದರಲ್ಲಿ. ನೀನು ನೋಡಿಯೂ ಸುಮ್ಮನಿದ್ದೀಯಾ ಅಪ್ಪಾ ಎಂದು ಆರನೆಯದರಲ್ಲಿ. ಏಳನೆಯದು ಒಂದೇ ಸಾಲು: “ಬಂದು ಕರಕೊಂಡು ಹೋಗು.”

ಸಿಕ್ಕದ್ದು ಏಳೇ. ಎಂಟು, ಒಂಬತ್ತು ಆ ಬಿಳಿ ಹಾಳೆಯ ಹಿಂದೆ ಇವೆ, ಅದರ ಕೋಡ್ ಬರುವ ಫೋನು ನಿನ್ನ ಅತ್ತೆಯ ಸೊಂಟದಲ್ಲಿದೆ. ನನಗೆ ಇನ್ನು ಕೋಡ್ ಬೇಡ. ಅವುಗಳಲ್ಲಿ ಏನಿತ್ತೆಂದು ನಿನ್ನ ಬಾಯಿಂದಲೇ ಕೇಳುತ್ತೇನೆ, ಎಷ್ಟು ಕಠಿಣವಾಗಿದ್ದರೂ ಕೇಳುತ್ತೇನೆ.

ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಆಫ್ರೀನ ನಿಮ್ಮ ಅಂಗಡಿಗೆ ಬಂದು ನಿನ್ನ ಕೈಗೇ ಕೊಡುತ್ತಾಳೆ. ಗುರುವಾರ ಮುಂಜಾನೆ ಹತ್ತಕ್ಕೆ ನಾನೂ ಅವ್ವನೂ ಬರುತ್ತೇವೆ. ಈ ಸಲ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವುದಿಲ್ಲ. ನೀನು ಏನೂ ತರಬೇಡ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಾ, ಸಾಕು.

ಏಳನೆಯದರ ಕೆಳಗೆ ತಾರೀಖು ಇತ್ತು, ಹೋದ ವರ್ಷದ ನವೆಂಬರ್ ಮೂವತ್ತು. ಅವತ್ತಿನಿಂದಲೂ ನಾನು ದಿನಾ ಮುಂಜಾನೆ ಆ ಪುಟ ತೆರೆದು, ನನ್ನ ಸೀರೆಗಳನ್ನಷ್ಟೇ ನೋಡಿ ಮುಚ್ಚುತ್ತಿದ್ದೆ.